ಒಂದೇ ಮೀಟರಿನ ಮನೆ

ಆರ್‌ಪಿಸಿ ಲೇಔಟಿನ ನಮ್ಮ ಮನೆಯಲ್ಲಿ ಬಹಳ ವರ್ಷ ಬೆಳಗಿನ ಮೊದಲ ಮಾತು ಒಂದು ಕೂಗು. ನಮ್ಮತ್ತೆ ಮೆಟ್ಟಿಲ ಬುಡದಲ್ಲಿ ನಿಂತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮಹಡಿಯ ಕಡೆ ಮುಖವೆತ್ತಿ, “ಮೋಟರ್ ಹಾಕ್ತಾ ಇದೀನಿ, ಗೀಸರ್ ಆರ್ಸ್ರೇ” ಎನ್ನುತ್ತಿದ್ದರು. ಮೇಲಿನಿಂದ ನನ್ನ ಓರಗಿತ್ತಿ “ಆರ್ಸಿದೆ ಅತ್ತೆ” ಎಂದ ಮೇಲೆಯೇ ಸಂಪಿನ ನೀರು ಟ್ಯಾಂಕಿಗೆ ಏರಬೇಕು. ಇಸ್ತ್ರಿ ಪೆಟ್ಟಿಗೆ ಹಾಕುವವರೂ ಕೂಗಬೇಕು, ಗೀಸರ್ ಹಾಕುವವರೂ ಕೂಗಬೇಕು. ನಮ್ಮಲ್ಲಿ ಯಾರು ಯಾವಾಗ ಸ್ನಾನ ಮಾಡುತ್ತಾರೆ ಎಂಬುದು ಬೀದಿಗೆಲ್ಲ ಗೊತ್ತಿತ್ತು.

ಕೂಗಾಟಕ್ಕೆ ಕಾರಣವಿಷ್ಟೇ. ಎರಡು ಅಂತಸ್ತಿನ ಮನೆಗೆ ಇದ್ದುದು ಒಂದೇ ಮೀಟರು. ಕೆಳಗೆ ಅತ್ತೆ, ನನ್ನ ಗಂಡ, ನಾನು; ಮಗಳು ಓದಲೆಂದು ಬೇರೆ ಊರಿನಲ್ಲಿ. ಮೇಲೆ ಮೈದುನ ಮತ್ತು ಓರಗಿತ್ತಿ. ಅಡುಗೆಮನೆಗಳು ಬೇರೆಯಾಗಿ ಹನ್ನೆರಡು ವರ್ಷವಾಗಿತ್ತು. ಅದು ಜಗಳವಾಡಿ ಆದದ್ದಲ್ಲ, ಜಾಗ ಸಾಲದೆ ಆದದ್ದು. ಆದರೆ ಮೀಟರನ್ನು ಮಾತ್ರ ಅತ್ತೆ ಬೇರೆ ಮಾಡಗೊಡಲಿಲ್ಲ. ಅವರ ತವರು ಮಲ್ಲತ್ತಹಳ್ಳಿ, ಕೆರೆಯ ಹಿಂದೆ ಇನ್ನೂ ರಾಗಿ ಹೊಲಗಳಿದ್ದ ಕಾಲದ ದೊಡ್ಡ ಮನೆ. “ನಮ್ಮಪ್ಪನ ಮನೇಲಿ ಮೊದ್ಲು ಮೀಟರ್ ಎರಡಾಯ್ತು. ಆಮೇಲೆ ನಡುವೆ ಗೋಡೆ ಬಂತು. ಆಮೇಲೆ ಕೋರ್ಟು” ಎಂದು ಅವರು ಹೇಳುವಾಗ ಧ್ವನಿ ಏರುತ್ತಿರಲಿಲ್ಲ. ಅದಕ್ಕೇ ಯಾರೂ ಎದುರಾಡುತ್ತಿರಲಿಲ್ಲ. ಈಗಂತೂ ಫ್ರೀ ಕರೆಂಟಿನ ಕಾಲ, ಎರಡು ಮೀಟರಿದ್ದರೆ ಇಬ್ಬರಿಗೂ ಲಾಭ ಎಂದು ಮೈದುನ ಒಮ್ಮೆ ಲೆಕ್ಕ ಹೇಳಲು ಹೋಗಿ, ತಾಯಿಯ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದ್ದ.

ಹೀಗಿರುವಾಗ ಓರಗಿತ್ತಿ ದೋಸೆ ಹಿಟ್ಟಿನ ವ್ಯಾಪಾರ ಶುರು ಮಾಡಿದಳು. ಮುಚ್ಚಿಹೋದ ಒಂದು ದರ್ಶಿನಿಯಿಂದ ಹತ್ತು ಲೀಟರಿನ ದೊಡ್ಡ ಗ್ರೈಂಡರ್ ತಂದಳು. ಅದನ್ನು ಮಹಡಿಗೆ ಹತ್ತಿಸಲು ನಾಲ್ಕು ಜನ ಬೇಕಾಯಿತು. ಬೆಳಿಗ್ಗೆ ರುಬ್ಬಿದ ಹಿಟ್ಟು ಸಂಜೆಯ ಹೊತ್ತಿಗೆ ಉಬ್ಬಿ, ಪ್ಯಾಕೆಟ್ಟಾಗಿ, ವಿಜಯನಗರದ ಮೂರು ಅಂಗಡಿಗಳಿಗೆ ಹೋಗುತ್ತಿತ್ತು. ಅವಳು ನಗುವುದು ಕಡಿಮೆ. ಮದುವೆಯಾಗಿ ಬಂದಾಗಿನಿಂದ ಯಾರಾದರೂ ಕೇಳಿದರೆ ಉತ್ತರ, ಇಲ್ಲದಿದ್ದರೆ ಮೌನ. ಹಿಟ್ಟು ಚೆನ್ನಾಗಿ ಉಬ್ಬಿದ ದಿನ ಮಾತ್ರ ಪಾತ್ರೆಯ ಮುಚ್ಚಳ ತೆಗೆದು ನನ್ನನ್ನು ಕರೆದು ತೋರಿಸಿ ನಗುತ್ತಿದ್ದಳು. ಆ ಗ್ರೈಂಡರ್ ಅವಳ ಸ್ವಂತದ್ದು ಎನ್ನಬಹುದಾದ ಮೊದಲ ವಸ್ತು.

ಗ್ರೈಂಡರ್ ಬಂದ ಎರಡು ತಿಂಗಳಿಗೆ, ಮಳೆಗಾಲ ಹಿಡಿದ ಮೇಲೆ, ಎಂಸಿಬಿ, ಅಂದರೆ ಹೊರೆ ಹೆಚ್ಚಾದರೆ ತಾನೇ ಕರೆಂಟು ಕಡಿಯುವ ಸ್ವಿಚ್ಚು, ಬೀಳಲು ಶುರುವಾಯಿತು. ಏಳಕ್ಕೆ ಹತ್ತು ನಿಮಿಷವಿದೆ ಎನ್ನುವಾಗ ಮೆಟ್ಟಿಲ ಕೆಳಗಿನ ಪೆಟ್ಟಿಗೆಯಲ್ಲಿ ಟಪ್ ಎಂಬ ಸದ್ದು, ಮನೆಯೆಲ್ಲ ಗಪ್‌ಚಿಪ್. ಮೇಲೆ ಉದ್ದು ಅರ್ಧ ನುಣ್ಣಗಾಗಿ ನಿಂತುಬಿಡುವುದು. ಕೆಳಗೆ ಅತ್ತೆ ಬಚ್ಚಲುಮನೆಯಿಂದಲೇ ಕೂಗುವರು: “ಮತ್ತೆ ಆ ಕಲ್ಲು ಹಾಕಿದ್ಲು ನೋಡು.” ವಾರಕ್ಕೆ ಎರಡು ಸಲ, ಮೂರು ಸಲ. ಗ್ರೈಂಡರ್ ಹಾಕಿದ ಮೇಲೆಯೇ ಬೀಳುತ್ತಿತ್ತು, ಆದ್ದರಿಂದ ಗ್ರೈಂಡರಿನದೇ ತಪ್ಪು. ಅಷ್ಟು ದಪ್ಪ ಇದೆ, ಅಷ್ಟು ಸದ್ದು ಮಾಡುತ್ತದೆ, ಇನ್ನು ಸಾಕ್ಷಿ ಬೇರೆ ಬೇಕೆ?

ಒಂದು ಭಾನುವಾರ ಎಲ್ಲರೂ ತಿಂಡಿಗೆ ಕೆಳಗೆ ಸೇರಿದ್ದಾಗ ಅತ್ತೆ ತೀರ್ಪು ಹೇಳಿಬಿಟ್ಟರು. “ಗೌರಿ ಹಬ್ಬದೊಳಗೆ ಅದನ್ನ ಯಾರಿಗಾದ್ರೂ ಕೊಟ್ಬಿಡಿ. ಈ ಮನೆ ವೈರು ಅದನ್ನ ತಡ್ಯಲ್ಲ.”

ಮೈದುನ ತಟ್ಟೆಯಿಂದ ತಲೆಯೆತ್ತಲಿಲ್ಲ. “ಕೊಡಲ್ಲಮ್ಮ. ಬೇರೆ ಮೀಟರಿಗೆ ಅರ್ಜಿ ಹಾಕ್ತೀನಿ.”

ಅತ್ತೆಯ ಕೈ ಚಟ್ನಿಯ ಬಟ್ಟಲ ಮೇಲೆ ನಿಂತುಹೋಯಿತು. ಓರಗಿತ್ತಿ ಎದ್ದು ನೀರು ತರುವ ನೆಪದಲ್ಲಿ ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಅವಳು ಅಳುತ್ತಿದ್ದಾಳೆಂದು ನನಗೆ ಗೊತ್ತಾಯಿತು. ನನಗೆ ಮೂಗಿನ ತುದಿಯಲ್ಲೇ ಕೋಪ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ನೋಡಿಕೊಂಡು ಕೂರುವ ಜಾಯಮಾನ ನನ್ನದಲ್ಲ.

“ಗ್ರೈಂಡರಿಂದಾನೇ ಅಂತ ಹೇಗೆ ಹೇಳ್ತೀರ ಅತ್ತೆ? ಯಾರಾದ್ರೂ ಅಳೆದು ನೋಡಿದೀರಾ?” ಎಂದೆ.

“ನೀನೇ ಅಳಿ ಹಾಗಾದ್ರೆ. ಮೀಟರ್ ಫ್ಯಾಕ್ಟರಿಲಿ ಇದ್ದೋಳಲ್ವಾ” ಎಂದರು ಅತ್ತೆ.

ಆ ಮಾತು ಎಲ್ಲಿ ತಾಗಬೇಕೋ ಅಲ್ಲಿಗೇ ತಾಗಿತು. ನಾನು ಡಿಪ್ಲೊಮಾ ಓದಿ, ರಾಜಾಜಿನಗರದ ಕೈಗಾರಿಕಾ ಬಡಾವಣೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದವಳು. ಅಲ್ಲಿ ತಯಾರಾಗುತ್ತಿದ್ದುದು ಕರೆಂಟಿನ ಮೀಟರುಗಳೇ. ಸಾಲಾಗಿ ಒಂಬತ್ತು ಮೇಜು, ಒಂಬತ್ತು ಹೆಂಗಸರು. ಒಂದನೇ ಮೇಜಿಗೆ ಬರಿಯ ಪೆಟ್ಟಿಗೆ ಬಂದರೆ ಒಂಬತ್ತನೇ ಮೇಜಿನಿಂದ ಮುದ್ರೆ ಒತ್ತಿದ ಮೀಟರು ಹೊರಡುತ್ತಿತ್ತು. ನನ್ನದು ಆರನೇ ಮೇಜು. ಬಂದ ಮೀಟರನ್ನು ಪರೀಕ್ಷೆಯ ಬೋರ್ಡಿಗೆ ಸಿಕ್ಕಿಸಿ, ಅದು ತೋರಿಸುವ ಅಂಕಿಯೂ ನಿಜದ ಅಂಕಿಯೂ ಒಂದಾಗುವಂತೆ ತಿದ್ದಿ, ಏಳನೇ ಮೇಜಿಗೆ ತಳ್ಳುವುದು. ಎಷ್ಟು ಸಾವಿರ ಮೀಟರು ನನ್ನ ಕೈ ದಾಟಿದವೋ, ಅವು ಯಾವ ಊರಿನ ಯಾವ ಗೋಡೆಯ ಮೇಲಿವೆಯೋ ಗೊತ್ತಿಲ್ಲ. ಕಾರ್ಖಾನೆ ಊರಾಚೆಗೆ ಹೋದಾಗ ನಾನು ಹೋಗಲಿಲ್ಲ. ಆಗ ಅತ್ತೆ ಸಮಾಧಾನವೆಂದುಕೊಂಡೇ ಹೇಳಿದ್ದರು: “ಸ್ಕ್ರೂ ತಿರುಗಿಸೋ ಕೆಲ್ಸ ತಾನೆ, ಹೋದ್ರೆ ಹೋಯ್ತು ಬಿಡು.” ಹತ್ತು ವರ್ಷವಾದರೂ ಆ ಮಾತು ನನ್ನ ಹೊಟ್ಟೆಯಲ್ಲಿ ಕರಗಿರಲಿಲ್ಲ.

ಮರುದಿನ ವಿಜಯನಗರದಲ್ಲಿ ಮೆಟ್ರೋ ಹತ್ತಿ ಮೆಜೆಸ್ಟಿಕ್ಕಿಗೆ ಹೋಗಿ, ಅಲ್ಲಿಂದ ಎಸ್.ಪಿ. ರಸ್ತೆಗೆ ಹೋದೆ. ಸಂದಿಯೊಳಗಿನ ಬಿಡಿಭಾಗದ ಅಂಗಡಿಯಲ್ಲಿ ಒಂದು ಮೈಕ್ರೋಕಂಟ್ರೋಲರ್ ಬೋರ್ಡು, ಬೆರಳಗಲದ ಒಂದು ಡಿಸ್‌ಪ್ಲೇ, ತಂತಿಯನ್ನು ಬಟ್ಟೆ ಕ್ಲಿಪ್ಪಿನ ಹಾಗೆ ಕಚ್ಚಿಕೊಂಡು ಕರೆಂಟು ಅಳೆಯುವ ಒಂದು ಕಾಯಿಲ್, ನಾಲ್ಕಾರು ರೆಸಿಸ್ಟರು ಕೇಳಿದೆ. ಅಂಗಡಿಯಾತ ಚೀಟಿ ನೋಡಿ, “ಮಗನ ಪ್ರಾಜೆಕ್ಟಿಗಾ ಆಂಟಿ?” ಎಂದ.

“ಅಲ್ಲಪ್ಪ, ಆಂಟಿ ಪ್ರಾಜೆಕ್ಟಿಗೆ” ಎಂದೆ. ಪಾಪ, ಆಮೇಲೆ ಒಂದೊಂದು ರೆಸಿಸ್ಟರನ್ನೂ ಅಳೆದು ಕೊಟ್ಟ.

ಬೆಸುಗೆ ಹಾಕುವುದು ಕೈಗೆ ಮರೆತಿರಲಿಲ್ಲ. ಮೊದಲ ಬೆಸುಗೆಯ ಹೊಗೆ ಮೂಗಿಗೆ ಬಡಿದಾಗ ಹತ್ತು ವರ್ಷ ಎಲ್ಲಿ ಹೋಯಿತೋ. ಕಷ್ಟಪಟ್ಟಿದ್ದು ಪ್ರೋಗ್ರಾಂ ಬರೆಯುವುದಕ್ಕೆ. ನಮ್ಮ ಕಾಲದ ಡಿಪ್ಲೊಮಾದಲ್ಲಿ ಇದೆಲ್ಲಿತ್ತು? ವಿಡಿಯೋ ನೋಡಿ, ನಿಲ್ಲಿಸಿ, ಬರೆದು, ತಪ್ಪಾಗಿ, ಬೈದುಕೊಂಡು, ಮತ್ತೆ ಬರೆದು ಎರಡು ವಾರ ಕಳೆಯಿತು. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ನಾಲ್ಕರ ಕಾಫಿಯವರೆಗೆ ಡೈನಿಂಗ್ ಟೇಬಲ್ಲು ನನ್ನದು. ಬೋರ್ಡು ಮಾಡಬೇಕಾದದ್ದು ಇಷ್ಟೇ: ಕಾಯಿಲ್ ಕಳಿಸುವ ಪುಟ್ಟ ಏರಿಳಿತವನ್ನು ಸೆಕೆಂಡಿಗೆ ಸಾವಿರಾರು ಸಲ ಓದಿ, ಲೆಕ್ಕ ಹಾಕಿ, ಈ ಕ್ಷಣ ಮನೆ ಎಷ್ಟು ವ್ಯಾಟ್ ತಿನ್ನುತ್ತಿದೆ ಎಂದು ತೋರಿಸುವುದು. ಜೊತೆಗೆ ಇಡೀ ದಿನದ ಏರಿಳಿತವನ್ನು ಗೆರೆಯಾಗಿ ನನ್ನ ಫೋನಿಗೆ ಕಳಿಸುವುದು. ಎಲ್ಲವನ್ನೂ ಮೈಸೂರು ಪಾಕ್ ಬಂದಿದ್ದ ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂರಿಸಿದೆ. ಮುಚ್ಚಳದಲ್ಲಿ ಡಿಸ್‌ಪ್ಲೇಗೆ ಕಿಟಕಿ ಕೊರೆದೆ. ನೋಡಿದವರು ಸ್ವೀಟ್ ಅಂಗಡಿಯ ಲೇಬಲ್ಲನ್ನಾದರೂ ಕಿತ್ತು ಹಾಕು ಎಂದರು. ಅದು ಅಂಟಿಕೊಂಡು ಬರಲಿಲ್ಲ, ಬಿಟ್ಟೆ.

ಸರ್ಕಾರದ ಮೀಟರನ್ನು ಮುಟ್ಟುವ ಹಾಗಿಲ್ಲ, ಮುಟ್ಟಲೂ ಇಲ್ಲ. ಮೇನ್ ಆರಿಸಿ, ಎಂಸಿಬಿಯಿಂದ ಒಳಮನೆಗೆ ಹೋಗುವ ಕಪ್ಪು ಕೇಬಲ್ಲಿಗೆ ಕಾಯಿಲನ್ನು ಕಚ್ಚಿಸಿ, ಭಾನುವಾರ ಎಲ್ಲರನ್ನೂ ಕರೆದೆ. ಜಂಬವಿರಲಿಲ್ಲ ಎಂದರೆ ಸುಳ್ಳು. ಒಳ್ಳೆಯ ಸೀರೆಯನ್ನೇ ಉಟ್ಟಿದ್ದೆ. “ಈಗ ನೋಡಿ” ಎಂದು ಮೇನ್ ಹಾಕಿದೆ. ಫ್ರಿಜ್ಜು ಗುಂಯ್ ಎಂದಿತು, ಫ್ಯಾನುಗಳು ತಿರುಗಿದವು. ಡಬ್ಬಿಯ ಮೇಲೆ ಸೊನ್ನೆ. ಮಹಡಿಯಲ್ಲಿ ಗೀಸರ್ ಹಾಕಿಸಿದೆ. ಒಮ್ಮೆ ಹನ್ನೊಂದು ಎಂದು ತೋರಿಸಿ ಮತ್ತೆ ಸೊನ್ನೆಗೆ ಬಂತು. ಗ್ರೈಂಡರ್ ಹಾಕಿಸಿದೆ. ಸೊನ್ನೆ.

ಮೈದುನ ಗಂಭೀರವಾಗಿ ಹೇಳಿದ: “ಅತ್ತಿಗೆ, ಇದನ್ನ ಸರ್ಕಾರದ ಮೀಟರ್ ಜಾಗಕ್ಕೆ ಹಾಕ್ಸಿಬಿಡಿ. ಜನ್ಮಕ್ಕೆಲ್ಲ ಕರೆಂಟ್ ಫ್ರೀ.”

ಎಲ್ಲರೂ ನಕ್ಕರು. ನನ್ನ ಗಂಡನೂ ನಕ್ಕರು, ಅದನ್ನು ನಾನಿನ್ನೂ ಮರೆತಿಲ್ಲ. ನಗದಿದ್ದವಳು ಓರಗಿತ್ತಿ ಒಬ್ಬಳೇ. ಅವಳು ಆ ಸೊನ್ನೆಯನ್ನೇ ನೋಡುತ್ತ ನಿಂತಿದ್ದಳು. ಹಬ್ಬಕ್ಕೆ ಇನ್ನು ಹನ್ನೆರಡು ದಿನವಿತ್ತು.

ತಾರಸಿಗೆ ಹೋಗಿ ಒಣಗಿದ ಬಟ್ಟೆ ತೆಗೆಯುವ ಹಾಗೆ ನಿಂತೆ. ಎಲ್ಲಿ ತಪ್ಪಿತು? ಬೆಸುಗೆ ಸರಿಯಿದೆ, ಪ್ರೋಗ್ರಾಂ ಸರಿಯಿದೆ. ಕಾರ್ಖಾನೆಯ ಒಂದೊಂದೇ ಮೇಜನ್ನು ನೆನಪು ಮಾಡಿಕೊಳ್ಳುತ್ತ ಬಂದೆ. ಮೂರನೇ ಮೇಜಿಗೆ ಬಂದಾಗ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಅಲ್ಲಿ ಕೆಂಗೇರಿಯಿಂದ ಬರುತ್ತಿದ್ದ ಒಬ್ಬ ಹೆಂಗಸು ದಿನವಿಡೀ ಮಾಡುತ್ತಿದ್ದ ಕೆಲಸ ಕಾಯಿಲಿನ ಬಳೆಯೊಳಗೆ ಒಂದು ತಂತಿ ತೂರಿಸುವುದು. ಒಂದೇ ಒಂದು. ಇನ್ನೊಂದನ್ನು ಹೊರಗೆ ಬಿಡುವುದು. ಅವಳು ತೂರಿಸಿ ಕಳಿಸಿದ್ದೇ ನನ್ನ ಮೇಜಿಗೆ ಬರುತ್ತಿದ್ದುದರಿಂದ ಒಂಬತ್ತು ವರ್ಷ ನಾನು ಆ ಕಡೆ ಗಮನವನ್ನೇ ಕೊಟ್ಟಿರಲಿಲ್ಲ. “ನಿಂದೇನಮ್ಮ, ಸೂಜಿಗೆ ದಾರ ಪೋಣಿಸೋ ಕೆಲ್ಸ” ಎಂದು ಅವಳನ್ನು ರೇಗಿಸುತ್ತಿದ್ದೆ ಬೇರೆ. ನಾನು ಕಚ್ಚಿಸಿದ್ದು ಇಡೀ ಕೇಬಲ್ಲಿಗೆ. ಅದರೊಳಗೆ ಎರಡು ತಂತಿ. ಒಂದರಲ್ಲಿ ಎಷ್ಟು ಕರೆಂಟು ಬರುತ್ತದೋ ಇನ್ನೊಂದರಲ್ಲಿ ಅಷ್ಟೇ ವಾಪಸು ಹೋಗುತ್ತದೆ. ಎರಡನ್ನೂ ಒಟ್ಟಿಗೆ ಹಿಡಿದರೆ ಉಳಿಯುವುದು ಸೊನ್ನೆ. ಇದು ಮೊದಲ ವರ್ಷದ ಪಾಠ. ಆರನೇ ಮೇಜಿನ ರಾಣಿಗೆ ಮೂರನೇ ಮೇಜಿನ ಕೆಲಸ ಬರುತ್ತಿರಲಿಲ್ಲ, ಅಷ್ಟೇ.

ಮನಸ್ಸಿನಲ್ಲೇ ಆ ಕೆಂಗೇರಿಯವಳ ಕ್ಷಮೆ ಕೇಳಿ, ಕೆಳಗಿಳಿದು ಬಂದು, ಮೇನ್ ಆರಿಸಿ, ಕೇಬಲ್ಲಿನ ಮೇಲ್ಪದರ ಬಿಡಿಸಿ, ಒಂದು ತಂತಿಗೆ ಮಾತ್ರ ಕಾಯಿಲ್ ಕಚ್ಚಿಸಿದೆ. ಈ ಸಲ ಯಾರನ್ನೂ ಕರೆಯಲಿಲ್ಲ. ಮೇನ್ ಹಾಕಿದೆ. ಡಬ್ಬಿಯ ಮೇಲೆ ನಾನೂರ ಹನ್ನೆರಡು. ನಡುಮನೆಯ ಫ್ಯಾನ್ ಆರಿಸಿದೆ. ಮುನ್ನೂರ ನಲವತ್ತೊಂದು. ಮತ್ತೆ ಹಾಕಿದೆ, ಮತ್ತೆ ನಾನೂರ ಹನ್ನೆರಡು. ಆ ಫ್ಯಾನನ್ನು ಎಷ್ಟು ಸಲ ಆರಿಸಿ ಹಾಕಿದೆನೋ ಲೆಕ್ಕವಿಲ್ಲ. ಮೆಟ್ಟಿಲ ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತು, ಒಬ್ಬಳೇ ನಕ್ಕೆ, ಸ್ವಲ್ಪ ಅಳುವೂ ಬಂತು. ಹೆರಿಗೆಯಾದಾಗಲೂ ನನಗೆ ಅಷ್ಟು ಹೆಮ್ಮೆಯೆನಿಸಿರಲಿಲ್ಲ ಎಂದು ಬರೆದರೆ ಮಗಳು ಬೇಜಾರು ಮಾಡಿಕೊಂಡಾಳು, ಆದ್ದರಿಂದ ಸರಿಸಮ ಎಂದಿಟ್ಟುಕೊಳ್ಳೋಣ.

ತೋರಿಸುವ ಅಂಕಿ ನಿಜವೋ ಎಂದು ನೋಡುವುದು ನನ್ನದೇ ಮೇಜಿನ ಕೆಲಸ. ಸರ್ಕಾರದ ಮೀಟರಿನಲ್ಲಿ ಒಂದು ಕೆಂಪು ದೀಪ ಮಿಣುಕುತ್ತದೆ. ಒಂದು ಯೂನಿಟ್ಟಿಗೆ ಮೂರು ಸಾವಿರದ ಇನ್ನೂರು ಮಿಣುಕು ಎಂದು ಅದರ ಮೈಮೇಲೆಯೇ ಬರೆದಿದೆ. ಮನೆಯಲ್ಲಿ ಉಳಿದದ್ದೆಲ್ಲ ಆರಿಸಿ, ಇಸ್ತ್ರಿ ಪೆಟ್ಟಿಗೆ ಒಂದನ್ನೇ ಹಾಕಿ, ಗಡಿಯಾರ ಹಿಡಿದು ಗೇಟಿನ ಪಕ್ಕದ ಮೀಟರಿನ ಮುಂದೆ ಸ್ಟೂಲ್ ಹಾಕಿಕೊಂಡು ಕೂತೆ. ನಿಮಿಷಕ್ಕೆ ಐವತ್ಮೂರು ಮಿಣುಕು ಎಂದರೆ ಹತ್ತಿರ ಹತ್ತಿರ ಸಾವಿರ ವ್ಯಾಟ್. ನನ್ನ ಡಬ್ಬಿ ಒಂಬೈನೂರ ಅರವತ್ತು ಎನ್ನುತ್ತಿತ್ತು. ಪ್ರೋಗ್ರಾಮಿನಲ್ಲಿ ತಿದ್ದಿದೆ, ಮತ್ತೆ ಎಣಿಸಿದೆ. ಎದುರು ಮನೆಯಾಕೆ ರಂಗೋಲಿ ಹಾಕುತ್ತ, “ಏನ್ರೀ, ಮೀಟರ್ ಮುಂದೆ ಧ್ಯಾನಾನಾ?” ಎಂದರು. “ಹೂಂ ರೀ, ಐವತ್ತರ ತನಕ ಬಂದಿದೆ” ಎಂದೆ. ಮೂರು ದಿನ ಬೆಳಿಗ್ಗೆ ಧ್ಯಾನವಾದ ಮೇಲೆ ಎರಡು ಮೀಟರೂ ಒಂದೇ ಮಾತು ಹೇಳತೊಡಗಿದವು.

ಆಮೇಲೆ ಬರಿ ಕಾಯುವುದು. ಶುಕ್ರವಾರ, ಏಳಕ್ಕೆ ಎಂಟು ನಿಮಿಷವಿರುವಾಗ, ಟಪ್.

ಫೋನಿನಲ್ಲಿ ಆ ಬೆಳಗಿನ ಗೆರೆ ತೆರೆದೆ. ಮೆಟ್ಟಿಲುಗಳ ಹಾಗಿತ್ತು. ಆರೂಕಾಲಿಗೆ ಎರಡು ಸಾವಿರದ ಒಂದು ಮೆಟ್ಟಿಲು, ಅದು ಮಹಡಿಯ ಗೀಸರ್. ಆರು ನಲವತ್ತಕ್ಕೆ ಎಂಟುನೂರರ ಚಿಕ್ಕ ಮೆಟ್ಟಿಲು, ಶುರುವಿನಲ್ಲಿ ಒಮ್ಮೆ ಜಿಗಿದು ಇಳಿದಿತ್ತು. ಮೋಟರು ಇರುವ ಯಂತ್ರಗಳೆಲ್ಲ ಹಾಗೇ ಜಿಗಿಯುತ್ತವೆ, ಅದು ಗ್ರೈಂಡರ್. ಆದರೆ ಅವೆರಡರ ನಡುವೆ, ಆರೂವರೆಗೆ, ಇನ್ನೊಂದು ಮೆಟ್ಟಿಲಿತ್ತು. ಒಂದೂವರೆ ಸಾವಿರ. ಜಿಗಿತವಿಲ್ಲ, ಅಲುಗಾಟವಿಲ್ಲ, ಸೀದಾ ಏರಿ ಮಣೆಯ ಹಾಗೆ ಸಮತಟ್ಟು. ಅಂದರೆ ಏನನ್ನೋ ಕಾಯಿಸುವ ವಸ್ತು. ಅದೂ ಇದೂ ಸೇರಿ ನಾಲ್ಕೂವರೆ ಸಾವಿರದ ಹತ್ತಿರವಾಗಿತ್ತು. ನಮ್ಮ ಎಂಸಿಬಿ ತಡೆಯುವುದು ಮೂರು ಸಾವಿರದ ಆರುನೂರರಷ್ಟು. ಅದು ಹಳೆಯದು, ಕೂಡಲೇ ಬೀಳುವುದಿಲ್ಲ. ಹೊರೆ ಹೆಚ್ಚಾದರೆ ಕಾದು ಕಾದು ಹತ್ತು ನಿಮಿಷದ ಮೇಲೆ ಬೀಳುತ್ತದೆ. ಅಷ್ಟರಲ್ಲಿ ಕೊನೆಗೆ ಬಂದ ಗ್ರೈಂಡರಿನ ತಲೆಗೆ ತಪ್ಪು. ಆ ನಡುವಿನ ಮೆಟ್ಟಿಲನ್ನು ತೆಗೆದುಬಿಟ್ಟರೆ ಗೀಸರೂ ಗ್ರೈಂಡರೂ ಒಟ್ಟಿಗೆ ಎಷ್ಟು ಹೊತ್ತು ಓಡಿದರೂ ಏನೂ ಆಗುವಂತಿರಲಿಲ್ಲ.

ನಮ್ಮ ಮನೆಯಲ್ಲಿ ಆರೂವರೆಗೆ ಏನನ್ನಾದರೂ ಕಾಯಿಸುವವರು ಯಾರು? ಕಾಫಿ ಗ್ಯಾಸಿನ ಮೇಲೆ. ಕೆಳಗಿನ ಸ್ನಾನಕ್ಕೆ ಸೋಲಾರ್. ಆ ಸೋಲಾರನ್ನು ಹಟ ಮಾಡಿ ಹಾಕಿಸಿದವರು ಅತ್ತೆ. ಮೇಲಿನವರು ಗೀಸರ್ ತಂದಾಗ, “ಸೂರ್ಯ ಪುಕ್ಕಟೆ ಕೊಡೋವಾಗ ಇದ್ಯಾಕೆ” ಎಂದು ವಾರಗಟ್ಟಲೆ ಚುಚ್ಚಿದವರೂ ಅವರೇ. ಮಳೆಗಾಲದ ಮೋಡಕ್ಕೆ ಸೋಲಾರ್ ನೀರು ಉಗುರುಬೆಚ್ಚಗೂ ಇರುವುದಿಲ್ಲ. ನಾನೂ ನನ್ನ ಗಂಡನೂ ತಣ್ಣೀರಿಗೆ ಒಗ್ಗಿಕೊಂಡಿದ್ದೆವು. ಅತ್ತೆ ಹೇಗೆ ಒಗ್ಗಿಕೊಂಡರು, ಆ ಮಂಡಿ ನೋವು ಇಟ್ಟುಕೊಂಡು, ಎಂದು ನಾನು ಯೋಚಿಸಿಯೇ ಇರಲಿಲ್ಲ.

ಅವರು ದೇವಸ್ಥಾನಕ್ಕೆ ಹೋದ ಮೇಲೆ ಬಚ್ಚಲುಮನೆಯ ಅಟ್ಟ ನೋಡಿದೆ. ಸೀಗೆಪುಡಿಯ ಡಬ್ಬದ ಹಿಂದೆ, ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ ನೀರು ಕಾಯಿಸುವ ರಾಡು. ಇನ್ನೂ ಒದ್ದೆಯಾಗಿತ್ತು.

ಮೊದಲು ಬಂದದ್ದು ಸಂತೋಷ ಎಂದು ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತೇನೆ. ಸ್ಕ್ರೂ ತಿರುಗಿಸೋ ಕೆಲಸವೇ? ಬನ್ನಿ ಭಾನುವಾರ, ಎಲ್ಲರ ಮುಂದೆ ಗೆರೆ ತೋರಿಸುತ್ತೇನೆ ಎಂದುಕೊಂಡೆ. ಆಮೇಲೆ ಆ ರಾಡಿನ ತಂತಿ ನೋಡಿದೆ. ಪ್ಲಗ್ಗಿನ ಹತ್ತಿರ ರಬ್ಬರು ಬಿರುಕು ಬಿಟ್ಟು ತಾಮ್ರ ಕಾಣುತ್ತಿತ್ತು. ಒದ್ದೆ ನೆಲ, ಬರಿಗಾಲು, ಬಕೆಟ್ಟಿನ ನೀರು ಬಿಸಿಯಾಯಿತೇ ಎಂದು ಬೆರಳದ್ದಿ ನೋಡುವ ಅಭ್ಯಾಸ. ಎಂಸಿಬಿ ಬಿದ್ದಾಗೆಲ್ಲ ಅವರು ಅಷ್ಟು ಸಿಟ್ಟಾಗುತ್ತಿದ್ದುದು ಏಕೆಂದೂ ಆಗ ಹೊಳೆಯಿತು. ಅರ್ಧ ಕಾದ ನೀರಿನಲ್ಲಿ ಸ್ನಾನ ಮಾಡಬೇಕಾಗುತ್ತಿತ್ತು. ಗ್ರೈಂಡರಿನದೇ ತಪ್ಪೆಂದು ಅವರು ಮನಸಾರೆ ನಂಬಿದ್ದರು. ಬೆರಳು ದಪ್ಪದ, ಸದ್ದೇ ಮಾಡದ ಒಂದು ಕಡ್ಡಿ ಅಷ್ಟು ದೊಡ್ಡ ಕಲ್ಲಿಗಿಂತ ಹೆಚ್ಚು ತಿನ್ನುತ್ತದೆಂದು ಯಾರಿಗೆ ಗೊತ್ತಾಗಬೇಕು? ಬಿರುಕಿಗೆ ಟೇಪು ಸುತ್ತಿ, ರಾಡನ್ನು ಇದ್ದಲ್ಲೇ ಇಟ್ಟೆ. ಭಾನುವಾರಕ್ಕೆ ಎರಡು ದಿನವಿತ್ತು. ಆ ಎರಡು ಬೆಳಿಗ್ಗೆಯೂ ಅವರಿಗಿಂತ ಮೊದಲೇ ಎದ್ದು ಗ್ಯಾಸಿನ ಮೇಲೆ ನೀರು ಕಾಯಿಸಿ, “ಹೆಚ್ಚಾಗಿದೆ, ತಗೊಳ್ಳಿ” ಎಂದು ಬಚ್ಚಲಿಗೆ ಇಟ್ಟೆ. ಅವರು ನನ್ನನ್ನೊಮ್ಮೆ ನೋಡಿ ತಂಬಿಗೆ ತೆಗೆದುಕೊಂಡರು.

ಭಾನುವಾರ ಡಬ್ಬಿಯನ್ನು ಅಡುಗೆಮನೆಯ ಗೋಡೆಗೆ ಸಿಕ್ಕಿಸಿ, ಮನೆಯಲ್ಲಿರುವುದನ್ನೆಲ್ಲ ತರಲು ಹೇಳಿದೆ. ಒಂದೊಂದನ್ನೇ ಹಾಕಿ ಎಲ್ಲರಿಗೂ ಅಂಕಿ ತೋರಿಸುವುದು. ಅತ್ತೆ ಅದಕ್ಕೆ ‘ತೂಗುವುದು’ ಎಂದರು, ಅದೇ ಮಾತು ನಿಂತಿತು. ಈ ಸಲ ಹಳೇ ಸೀರೆಯನ್ನೇ ಉಟ್ಟಿದ್ದೆ. ಮಿಕ್ಸಿ ಐನೂರು ತೂಗಿತು. ಇಸ್ತ್ರಿ ಪೆಟ್ಟಿಗೆ ಸಾವಿರ. ಗೀಸರ್ ಎರಡು ಸಾವಿರ. ಮೈದುನ ತನ್ನ ಫೋನ್ ಚಾರ್ಜರನ್ನೂ ತೂಗಿಸಿದ, ಅದು ಏರಿದ್ದೇ ಕಾಣಲಿಲ್ಲ. ಕೊನೆಗೆ ಓರಗಿತ್ತಿ ಮೇಲೆ ಹೋಗಿ ಗ್ರೈಂಡರ್ ಹಾಕಿ ಮೆಟ್ಟಿಲ ಮೇಲಿನಿಂದಲೇ ಕೇಳಿದಳು: “ಎಷ್ಟು ಅಕ್ಕ?”

“ಎಂಟುನೂರು” ಎಂದೆ. “ಇಸ್ತ್ರಿ ಪೆಟ್ಟಿಗೆಗಿಂತ ಕಡಿಮೆ ಕಣೇ.”

ಅವಳು ಕೆಳಗಿಳಿದು ಬಂದು ತಾನೇ ಅಂಕಿ ನೋಡಿದಳು. ಅತ್ತೆಯೂ ಕನ್ನಡಕ ಹಾಕಿಕೊಂಡು ಹತ್ತಿರ ಬಂದು ನೋಡಿದರು.

“ಹಾಗಾದ್ರೆ ಟ್ರಿಪ್ ಆಗೋದು ಯಾತಕ್ಕೆ ಅತ್ತಿಗೆ?” ಎಂದ ಮೈದುನ.

ಫೋನು ನನ್ನ ಕೈಯಲ್ಲೇ ಇತ್ತು. ಗೆರೆ ತೆರೆದೇ ಇತ್ತು. ಆರೂವರೆಯ ಮೆಟ್ಟಿಲು ಎದ್ದು ಕಾಣುತ್ತಿತ್ತು. ನಾಲಿಗೆಯ ತುದಿಗೆ ಬಂದ ಮಾತನ್ನು ನಾನು ಜೀವನದಲ್ಲಿ ನುಂಗಿದ್ದು ಕಡಿಮೆ. ಅತ್ತೆಯನ್ನು ನೋಡಿದೆ. ಅವರು ನನ್ನನ್ನಲ್ಲ, ಡಬ್ಬಿಯನ್ನು ನೋಡುತ್ತಿದ್ದರು.

“ಇನ್ನೂ ಏನೋ ಒಂದಿದೆ. ಹುಡುಕ್ತಾ ಇದೀನಿ” ಎಂದು ಫೋನನ್ನು ಮಗುಚಿ ಇಟ್ಟೆ.

ಅತ್ತೆ ಒಳಗೆ ಹೋದರು. ಬೇಜಾರಾಗಿ ಹೋದರೆಂದುಕೊಂಡೆವು. ಅಟ್ಟದ ಮೇಲೆ ಡಬ್ಬ ಸರಿದ ಸದ್ದು ಕೇಳಿತು. ಸೀರೆಯ ತುಂಡಿನಲ್ಲಿ ಸುತ್ತಿದ್ದನ್ನು ತಂದು ನನ್ನ ಮುಂದೆ ಹಿಡಿದರು.

“ಇದನ್ನೂ ತೂಗು” ಎಂದರು.

ನಾನು ಬಕೆಟ್ಟಿಗೆ ನೀರು ತುಂಬಿ, ರಾಡು ಇಳಿಬಿಟ್ಟು, ಅತ್ತೆಯನ್ನು ಎರಡು ಹೆಜ್ಜೆ ಹಿಂದೆ ನಿಲ್ಲಿಸಿ, ಸ್ವಿಚ್ ಹಾಕಿದೆ. ಒಂದೂವರೆ ಸಾವಿರ. ಅತ್ತೆ ಕನ್ನಡಕ ಸರಿಮಾಡಿಕೊಂಡು ಆ ಅಂಕಿ ಓದಿದರು.

“ಹತ್ತಿರ ಹತ್ತಿರ ಎರಡು ಗ್ರೈಂಡರ್” ಎಂದರು. ಆಮೇಲೆ ಓರಗಿತ್ತಿಯ ಕಡೆ ತಿರುಗಿ, “ನಾನೇ ಕಣೇ ಆರಿಸ್ತಿದ್ದದ್ದು, ನೀನಲ್ಲ” ಎಂದರು. ಅಷ್ಟು ಜನರ ಮುಂದೆ, ತಲೆ ತಗ್ಗಿಸದೆ. ಆ ಕ್ಷಣ ನನಗೆ ನನ್ನ ಡಬ್ಬಿಗಿಂತ ನಮ್ಮತ್ತೆಯ ಮೇಲೆ ಹೆಚ್ಚು ಹೆಮ್ಮೆಯಾಯಿತು. ಹತ್ತು ವರ್ಷದ ಹಳೆಯ ಮಾತು ಎಲ್ಲಿ ಇಳಿದುಹೋಯಿತೋ, ಮತ್ತೆ ಹುಡುಕಲಿಲ್ಲ.

ಓರಗಿತ್ತಿ ಹೇಳಿದ್ದು ಒಂದೇ ಮಾತು. “ನಾಳೆಯಿಂದ ಗೀಸರ್ ನೀರು ನಾನೇ ಎರಡು ಬಕೆಟ್ ತಂದುಕೊಡ್ತೀನಿ ಅತ್ತೆ. ಹೇಗೂ ಬೇಗ ಎದ್ದಿರ್ತೀನಿ.” ಮರುದಿನ ತಂದಳು, ಅದರ ಮರುದಿನವೂ ತಂದಳು. ಬಕೆಟ್ ಹೊತ್ತು ಅವಳು ಮೆಟ್ಟಿಲಿಳಿಯುವುದನ್ನು ಒಂದು ವಾರ ನೋಡಿದ ಮೈದುನ ಪ್ಲಂಬರನ್ನು ಕರೆಸಿ ಗೀಸರಿನಿಂದ ಕೆಳಗಿನ ಬಚ್ಚಲಿಗೆ ಪೈಪು ಇಳಿಸಿದ. ಗೌರಿ ಹಬ್ಬಕ್ಕೆ ಗ್ರೈಂಡರ್ ಎಲ್ಲೂ ಹೋಗಲಿಲ್ಲ. ಅವತ್ತಿನ ಒಬ್ಬಟ್ಟಿನ ಹೂರಣವನ್ನು ಅದರಲ್ಲೇ ರುಬ್ಬಿದೆವು. ಮೀಟರಿನ ಅರ್ಜಿಯ ಮಾತನ್ನು ಮೈದುನ ಮತ್ತೆ ಎತ್ತಲಿಲ್ಲ.

ಕೂಗಾಟ ನಿಲ್ಲುತ್ತದೆಂದುಕೊಂಡಿದ್ದೆ. ನಿಲ್ಲಲಿಲ್ಲ, ಮಾತು ಬದಲಾಯಿತು. ಡಬ್ಬಿಯಿರುವುದು ಕೆಳಗಿನ ಅಡುಗೆಮನೆಯಲ್ಲಿ, ಅದನ್ನು ಓದುವ ಅಧಿಕಾರ ಅತ್ತೆಯದು. ಮೂರು ಸಾವಿರ ದಾಟಿದರೆ ಕೆಂಪು ದೀಪ ಹತ್ತುವ ಹಾಗೆ ಮಾಡಿಕೊಟ್ಟಿದ್ದೇನೆ, ಆದರೆ ಅವರಿಗೆ ದೀಪದ ಮೇಲೆ ನಂಬಿಕೆಯಿಲ್ಲ, ಅಂಕಿಯೇ ಬೇಕು. “ಸಾವಿರದ ನಾನೂರಿದೆ, ಧಾರಾಳವಾಗಿ ಹಾಕ್ಕೋ” ಎಂದು ಮೆಟ್ಟಿಲ ಬುಡದಿಂದ ಕೂಗುತ್ತಾರೆ. ಬಂದ ನೆಂಟರಿಗೆ ಕಾಫಿಗಿಂತ ಮೊದಲು ಡಬ್ಬಿ ತೋರಿಸುತ್ತಾರೆ. “ನಮ್ಮ ಸೊಸೆ ಮಾಡಿದ್ದು. ಇಡೀ ಮೀಟರ್ ಇವಳೊಬ್ಬಳೇ ಮಾಡಿದ್ಲು” ಎನ್ನುವಾಗ ನಾನು ಒಗ್ಗರಣೆ ಹಾಕುವ ನೆಪದಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲುತ್ತೇನೆ.

ಆ ವರ್ಷ ಆಯುಧಪೂಜೆಯ ದಿನ ಅತ್ತೆ ಎಂದಿನಂತೆ ಕುಂಕುಮದ ಬಟ್ಟಲು, ಸೇವಂತಿಗೆ ಹೂವು ಹಿಡಿದು ಹೊರಟರು. ಗೇಟಿನ ಪಕ್ಕದ ಸರ್ಕಾರದ ಮೀಟರಿಗೆ ಬೊಟ್ಟು, ಸಂಪಿನ ಮೋಟರಿಗೆ ಬೊಟ್ಟು, ಮಂಡಿ ಹಿಡಿದುಕೊಂಡು ಮಹಡಿ ಹತ್ತಿ ಗ್ರೈಂಡರಿಗೆ ಮೂರು ಬೊಟ್ಟು. ಆಮೇಲೆ ಕೆಳಗೆ ಅಡುಗೆಮನೆಗೆ ಬಂದು ನನ್ನ ಡಬ್ಬಿಯ ಮುಂದೆ ನಿಂತರು. ಸ್ವೀಟ್ ಅಂಗಡಿಯ ಲೇಬಲ್ಲಿನ ಮೇಲೆಯೇ ಹೆಬ್ಬೆರಳಿನಿಂದ ಕುಂಕುಮ ಒತ್ತಿದರು. ನಮ್ಮ ಒಂಬತ್ತನೇ ಮೇಜಿನವಳು ಮುದ್ರೆ ಒತ್ತುತ್ತಿದ್ದಷ್ಟೇ ಗಟ್ಟಿಯಾಗಿ.

ನನಗೆ ರೇಗಿಸದೆ ಇರಲಾಗಲಿಲ್ಲ. “ಈ ಮನೆಗೆ ಒಂದೇ ಮೀಟರ್ ಅಂತಿದ್ರಲ್ಲ ಅತ್ತೆ. ಈಗ ಎರಡಾಯ್ತಲ್ಲ?”

ಅತ್ತೆ ಹೂವನ್ನು ಡಬ್ಬಿಯ ಮೇಲಿಟ್ಟು, ಬೀಳದಂತೆ ಸರಿಮಾಡಿದರು.

“ಅದು ಸರ್ಕಾರದ್ದು ಕಣೇ” ಎಂದರು. “ಮನೇದು ಇದೊಂದೇ.”